ಆವೃತ್ತಿಯ ಹೆಸರು ಮತ್ತು ಕಡತದೊಳಗಿನ ಗುರುತು

ಕೇಳುಗರೆಲ್ಲರಿಗೂ ನಮಸ್ಕಾರ.

ವಿಂಡೋಸ್ 11 ಇರುವ ಗಣಕವೊಂದರಲ್ಲಿ, ವಿಂಡೋಸ್ 7ರ ಕಾಲದಲ್ಲಿ ಬರೆದ ಹಳೆಯ ತಂತ್ರಾಂಶವನ್ನು ತೆರೆದೆವು ಎಂದುಕೊಳ್ಳೋಣ. ತಾನು ಯಾವ ಆವೃತ್ತಿಯ ಮೇಲೆ ನಡೆಯುತ್ತಿದ್ದೇನೆಂದು ಅದು ಹಿಂದಿನ ಕ್ರಮದಲ್ಲೇ ಕಾರ್ಯಾಚರಣಾ ವ್ಯವಸ್ಥೆಯನ್ನು ಕೇಳಿದರೆ ಸಿಗುವ ಉತ್ತರ 6.2. ಅದು ವಿಂಡೋಸ್ 8ರ ಒಳಸಂಖ್ಯೆ. ಯಂತ್ರದಲ್ಲಿ ದೋಷವೇನೂ ಇಲ್ಲ. ವ್ಯವಸ್ಥೆಯೇ ತಿಳಿದೂ ತಿಳಿದು ಹಳೆಯ ಸಂಖ್ಯೆಯನ್ನು ಹೇಳುತ್ತಿದೆ. ತಂತ್ರಾಂಶದ ಜೊತೆಗಿರಬೇಕಾದ ಒಂದು ಪುಟ್ಟ ಸಂರಚನಾ ಕಡತದಲ್ಲಿ ಒಂದೇ ಒಂದು ಸಾಲು ಇಲ್ಲದಿರುವುದು ಇದಕ್ಕೆ ಕಾರಣ. ಆವೃತ್ತಿಗಳನ್ನು ಗುರುತುಗಳೊಂದಿಗೆ ಹೊಂದಿಸಿ ಬರೆದಿಡುವ ಇಂತಹ ಸಾಲುಗಳ ಬಗ್ಗೆಯೇ ಇಂದಿನ ನನ್ನ ಮಾತು.

ವ್ಯವಸ್ಥೆ ಹೀಗೆ ಹಳೆಯ ಸಂಖ್ಯೆ ಹೇಳುವುದಕ್ಕೆ ಒಂದು ಹಿನ್ನೆಲೆಯಿದೆ. ವಿಂಡೋಸ್ ಎಕ್ಸ್‌ಪಿಯ ಒಳಸಂಖ್ಯೆ 5.1. ಎಕ್ಸ್‌ಪಿ ಅಥವಾ ಅದಕ್ಕಿಂತ ಹೊಸದಾದ ವ್ಯವಸ್ಥೆ ಬೇಕು ಎಂಬುದನ್ನು ಪರೀಕ್ಷಿಸಲು ಎಷ್ಟೋ ಮಂದಿ, ಮೊದಲ ಅಂಕಿ 5 ಅಥವಾ ಹೆಚ್ಚು, ಎರಡನೆಯ ಅಂಕಿ 1 ಅಥವಾ ಹೆಚ್ಚು ಇರಬೇಕು ಎಂದು ಬರೆದುಬಿಟ್ಟರು. ಮುಂದೆ ವಿಸ್ಟಾ ಬಂದಾಗ ಅದರ ಸಂಖ್ಯೆ 6.0. ಆರು ಐದಕ್ಕಿಂತ ದೊಡ್ಡದು ನಿಜ, ಆದರೆ ಸೊನ್ನೆ ಒಂದಕ್ಕಿಂತ ಚಿಕ್ಕದು. ಹೀಗಾಗಿ ಎಲ್ಲ ರೀತಿಯಿಂದಲೂ ನಡೆಯಬಲ್ಲ ತಂತ್ರಾಂಶಗಳು, ವ್ಯವಸ್ಥೆ ತೀರಾ ಹಳೆಯದೆಂದು ಹೇಳಿ ತೆರೆದುಕೊಳ್ಳಲು ನಿರಾಕರಿಸಿದವು. ವಿಂಡೋಸ್ 7ಕ್ಕೆ ಒಳಗೆ 6.1 ಎಂಬ ಸಂಖ್ಯೆ ಕೊಟ್ಟದ್ದರ ಹಿಂದೆ ಇಂತಹ ತೊಂದರೆ ಮರುಕಳಿಸಬಾರದೆಂಬ ಎಚ್ಚರವಿತ್ತು. ವಿಂಡೋಸ್ 8.1ರಿಂದ ಮುಂದಕ್ಕೆ ಇನ್ನೊಂದು ಏರ್ಪಾಡು ಬಂತು: ತಂತ್ರಾಂಶವು ಯಾವ ಆವೃತ್ತಿಯನ್ನು ಬಲ್ಲೆನೆಂದು ತಾನಾಗಿ ಘೋಷಿಸುತ್ತದೆಯೋ ಅಲ್ಲಿಯವರೆಗಿನ ಸಂಖ್ಯೆಯನ್ನು ಮಾತ್ರ ಅದಕ್ಕೆ ತಿಳಿಸಲಾಗುತ್ತದೆ, ಘೋಷಣೆಯೇ ಇಲ್ಲದಿದ್ದರೆ ಮೊದಲು ಹೇಳಿದ 6.2 ಸಿಗುತ್ತದೆ.

ಆ ಘೋಷಣೆ ಇರುವ ಕಡತಕ್ಕೆ ಮ್ಯಾನಿಫೆಸ್ಟ್ ಎಂದು ಹೆಸರು. ಅದರಲ್ಲಿ ವಿಂಡೋಸ್ 10 ಎಂದು ಬರೆದರೆ ನಡೆಯುವುದಿಲ್ಲ, 10.0 ಎಂದರೂ ನಡೆಯುವುದಿಲ್ಲ. ಎಂಟು, ಇ, ಸೊನ್ನೆ, ಎಫ್, ಏಳು, ಎ, ಒಂದು, ಎರಡು ಎಂದು ಆರಂಭವಾಗುವ, ಅಡ್ಡಗೆರೆಗಳನ್ನು ಬಿಟ್ಟು 32 ಅಕ್ಷರಗಳ ಒಂದು ಉದ್ದನೆಯ ಗುರುತನ್ನು ಬರೆಯಬೇಕು. ವಿಸ್ಟಾಕ್ಕೆ ಒಂದು, 7ಕ್ಕೆ ಇನ್ನೊಂದು, 8ಕ್ಕೆ ಮತ್ತೊಂದು, 8.1ಕ್ಕೆ ಮಗದೊಂದು ಗುರುತು. ಇವುಗಳನ್ನು ಎಷ್ಟು ದಿಟ್ಟಿಸಿ ನೋಡಿದರೂ ಯಾವುದು ಮೊದಲಿನದು, ಯಾವುದು ನಂತರದ್ದು ಎಂದು ಹೇಳಲಾಗದು, ಏಕೆಂದರೆ ಅವುಗಳ ನಡುವೆ ಕ್ರಮವೇ ಇಲ್ಲ. ಮೊದಲಿಗೆ ಇದು ಅನಗತ್ಯ ಕಗ್ಗಂಟೆಂದು ನನಗೂ ಅನಿಸಿತ್ತು. ಈಗ ಇದರಲ್ಲಿ ದೊಡ್ಡ ವಿವೇಕವಿದೆ ಎಂದು ನಂಬುತ್ತೇನೆ. ಕ್ರಮವಿಲ್ಲದ ಗುರುತನ್ನು ಇನ್ನೊಂದರೊಡನೆ ಹೋಲಿಸಿ ಇದು ಹೆಚ್ಚು, ಅದು ಕಡಿಮೆ ಎಂದು ತೀರ್ಮಾನಿಸಲು ಯಾರಿಗೂ ಸಾಧ್ಯವಿಲ್ಲ. ಒಂದೋ ಅದು ಪಟ್ಟಿಯಲ್ಲಿದೆ, ಇಲ್ಲವೋ ಇಲ್ಲ. ಪಟ್ಟಿಯಲ್ಲಿ ಒಂದು ಗುರುತನ್ನು ಸೇರಿಸುವುದೆಂದರೆ, ಈ ಆವೃತ್ತಿಯ ಮೇಲೆ ನನ್ನ ತಂತ್ರಾಂಶವನ್ನು ನಡೆಸಿ ನೋಡಿದ್ದೇನೆ ಎಂದು ಬರೆದವರು ಸಹಿ ಹಾಕಿದಂತೆ.

ಇಲ್ಲಿ ಒಂದು ಸೂಕ್ಷ್ಮವನ್ನೂ ಹೇಳಬೇಕು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಪ್ರತ್ಯೇಕ ಗುರುತು ಇಲ್ಲ. 10ರ ಗುರುತೇ ಅದಕ್ಕೂ ಸಲ್ಲುತ್ತದೆ, ಒಳಸಂಖ್ಯೆಯೂ 10.0 ಆಗಿಯೇ ಉಳಿದಿದೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ಬಿಲ್ಡ್ ಸಂಖ್ಯೆ, ಅಂದರೆ ವ್ಯವಸ್ಥೆಯ ಒಂದೊಂದು ತಯಾರಿಕೆಗೂ ಕೊಡುವ ಕ್ರಮಸಂಖ್ಯೆ. ಅದು 22000 ಅಥವಾ ಹೆಚ್ಚಾಗಿದ್ದರೆ 11. ಮಾರಾಟದ ಹೆಸರು, ಒಳಸಂಖ್ಯೆ, ಕಡತದ ಗುರುತು, ಈ ಮೂರೂ ಒಂದಕ್ಕೊಂದು ಸರಿಸಮನಾಗಿ ಸಾಗುತ್ತವೆಂದು ಭಾವಿಸಿ ಪಟ್ಟಿ ಬರೆದವರು ಎಡವುವುದು ಈ ಜಾಗದಲ್ಲೇ.

ಡೆಬಿಯನ್, ಉಬುಂಟು ಮುಂತಾದ ಹಲವು ರೂಪಗಳಲ್ಲಿ ಸಿಗುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಗುರುತನ್ನು ವ್ಯವಸ್ಥೆಯೇ ಒಂದು ಪಠ್ಯ ಕಡತದಲ್ಲಿ ಬರೆದಿಟ್ಟಿರುತ್ತದೆ. ಇಟಿಸಿ ಕಡತಕೋಶದಲ್ಲಿರುವ ಒಎಸ್-ರಿಲೀಸ್ ಎಂಬ ಆ ಕಡತವನ್ನು ತೆರೆದರೆ, ಐಡಿ ಎಂಬ ಸಾಲಿನಲ್ಲಿ ಡೆಬಿಯನ್ ಅಥವಾ ಉಬುಂಟು ಎಂಬಂತಹ ಚಿಕ್ಕ ಹೆಸರೂ, ವರ್ಷನ್ ಐಡಿ ಎಂಬ ಸಾಲಿನಲ್ಲಿ 12 ಅಥವಾ 22.04 ಎಂಬಂತಹ ಆವೃತ್ತಿಯೂ ಕಾಣುತ್ತವೆ. ಹೊಂದಿಕೆಯ ಪಟ್ಟಿಗೆ ಇವೆರಡೂ ಜೋಡಿಯಾಗಿಯೇ ಬೇಕು. ಬರೀ 9 ಎಂದು ಬರೆದಿಟ್ಟರೆ, ಅದು 2017ರಲ್ಲಿ ಬಂದ ಡೆಬಿಯನ್ 9 ಆಗಿರಬಹುದು, 2022ರಲ್ಲಿ ಬಂದ ರಾಕಿ ಲಿನಕ್ಸ್ 9 ಆಗಿರಬಹುದು. ಎರಡರ ನಡುವೆ ಐದು ವರ್ಷಗಳ ಅಂತರವಷ್ಟೇ ಅಲ್ಲ, ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಅನುಸ್ಥಾಪಿಸುವ ವಿಧಾನವೇ ಬೇರೆ. ಲಿನಕ್ಸ್ ಮಿಂಟ್ 21 ತನ್ನ ಆವೃತ್ತಿ 21 ಎನ್ನುತ್ತದೆ, ಆದರೆ ಅದರ ತಳಹದಿ ಉಬುಂಟು 22.04, ತನ್ನನ್ನು ಯಾವ ವ್ಯವಸ್ಥೆಯಂತೆ ಕಾಣಬಹುದೆಂದು ಹೇಳುವ ಐಡಿ ಲೈಕ್ ಎಂಬ ಸಾಲು ಆಗ ನೆರವಿಗೆ ಬರುತ್ತದೆ. ಇನ್ನು ಆರ್ಚ್‌ನಂತೆ ನಿರಂತರವಾಗಿ ಹೊಸತಾಗುತ್ತಲೇ ಇರುವ ವ್ಯವಸ್ಥೆಗಳಲ್ಲಿ ವರ್ಷನ್ ಐಡಿಯ ಸಾಲು ಇಲ್ಲದೇ ಇರಬಹುದು, ಅದು ತಪ್ಪೂ ಅಲ್ಲ. ಆ ಸಾಲು ಇದ್ದೇ ಇರುತ್ತದೆಂದು ನಂಬಿದ ತಂತ್ರಾಂಶ ಅಲ್ಲಿ ಕುಸಿದು ಬೀಳುತ್ತದೆ.

ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಹೇಳುತ್ತೇನೆ. ಯಾಮಲ್ ಎಂಬ ವಿನ್ಯಾಸದಲ್ಲಿ ಒಂದು ಸಂರಚನಾ ಕಡತ ಬರೆದು, ಎಡಗಡೆ ಉಬುಂಟುವಿನ ಆವೃತ್ತಿ, ಬಲಗಡೆ ನಮ್ಮ ಪ್ಯಾಕೇಜಿನ ಗುರುತು ಇಟ್ಟಿದ್ದೆ. 22.04ರ ಸಾಲು ಹಲವು ತಿಂಗಳು ಸರಿಯಾಗಿ ನಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 22.10 ಬಂದಾಗ, ಮೇಲಿನ ಸಾಲನ್ನೇ ನಕಲು ಮಾಡಿ ಸಂಖ್ಯೆ ತಿದ್ದಿದೆ. ಹೊಸ ಯಂತ್ರದಲ್ಲಿ ನೋಡಿದರೆ, ಈ ಆವೃತ್ತಿ ಪಟ್ಟಿಯಲ್ಲಿ ಇಲ್ಲವೆಂಬ ಸಂದೇಶ. ಕಡತ ತೆರೆದರೆ ಸಾಲು ಕಣ್ಣೆದುರೇ ಇದೆ. ಅರ್ಧ ದಿನ ಹುಡುಕಿದ ಮೇಲೆ ತಿಳಿಯಿತು: ಉದ್ಧರಣ ಚಿಹ್ನೆಗಳಿಲ್ಲದೆ ಬರೆದದ್ದರಿಂದ 22.10 ಎಂಬುದನ್ನು ಕಡತ ಓದುವ ತಂತ್ರಾಂಶ ದಶಾಂಶ ಸಂಖ್ಯೆಯೆಂದು ತಿಳಿದು, ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಕೈಬಿಟ್ಟು, 22.1 ಎಂದು ಇಟ್ಟುಕೊಂಡಿತ್ತು. 22.04ರಲ್ಲಿ ಸೊನ್ನೆ ನಡುವೆ ಇದ್ದುದರಿಂದ ಉಳಿದುಕೊಂಡಿತ್ತು, ತಪ್ಪೂ ಅಷ್ಟು ಕಾಲ ಅಡಗಿಕೊಂಡಿತ್ತು. ಆವೃತ್ತಿಯು ಅಂಕಿಗಳಲ್ಲಿ ಬರೆದ ಹೆಸರು, ಅದನ್ನು ಪಠ್ಯವೆಂದೇ ಕಾಣಬೇಕು. ಅಂದಿನಿಂದ ಪ್ರತಿಯೊಂದು ಆವೃತ್ತಿಯನ್ನೂ ಚಿಹ್ನೆಗಳ ನಡುವೆಯೇ ಬರೆಯುತ್ತೇನೆ, ಅದು ಬರೀ 12 ಆಗಿದ್ದರೂ ಸರಿ.

ಪಠ್ಯವೆಂದು ಕಂಡರೂ ಹಿರಿಕಿರಿತನ ತೀರ್ಮಾನಿಸುವಾಗ ಮತ್ತೆ ಎಚ್ಚರ ಬೇಕು, ಏಕೆಂದರೆ ಅಕ್ಷರ ಕ್ರಮದಲ್ಲಿ 10.10 ಎಂಬುದು 10.9ಕ್ಕಿಂತ ಮೊದಲು ಬರುತ್ತದೆ. ಈ ವಿಷಯದಲ್ಲಿ ಆಂಡ್ರಾಯ್ಡ್‌ನ ಕ್ರಮ ನನಗೆ ಬಹಳ ಮೆಚ್ಚುಗೆ. ಹೊರಗಿನ ಹೆಸರು ಏನೇ ಇರಲಿ, ತಂತ್ರಾಂಶಗಳಿಗೆ ವ್ಯವಸ್ಥೆ ಒದಗಿಸುವ ಸೌಲಭ್ಯಗಳ ಹಂತವನ್ನು ಸೂಚಿಸುವ ಎಪಿಐ ಮಟ್ಟವೆಂಬ ಒಂದೇ ಪೂರ್ಣಾಂಕ ಒಳಗೆ ಏರುತ್ತಾ ಹೋಗುತ್ತದೆ: 5.0ಕ್ಕೆ 21, 10ಕ್ಕೆ 29, 12ಕ್ಕೆ 31, 12ಎಲ್ ಎಂಬುದಕ್ಕೆ 32, 13ಕ್ಕೆ 33.

ಇನ್ನು ಪಟ್ಟಿಯಲ್ಲಿ ಇಲ್ಲದ ಆವೃತ್ತಿ ಎದುರಾದಾಗ ಏನು ಮಾಡಬೇಕು? ಮುಂದಿನದನ್ನು ಊಹಿಸಿ ಮೊದಲೇ ಬರೆದಿಡುವುದು ಅಪಾಯಕರ. ಮ್ಯಾಕ್ ಓಎಸ್ 15ರ ನಂತರ 16 ಬರುವುದು ಸಹಜವೆಂದು ಯಾರಿಗಾದರೂ ತೋಚುತ್ತಿತ್ತು. 2025ರಲ್ಲಿ ಬಂದದ್ದು 26. ಚಾಲಕ ತಂತ್ರಾಂಶವನ್ನೋ ವ್ಯವಸ್ಥೆಯ ಕಡತಗಳನ್ನೋ ಬದಲಿಸುವ ಕೆಲಸವಾದರೆ ಅಲ್ಲಿಯೇ ನಿಂತು, ಕಂಡ ಐಡಿ ಇದು, ಕಂಡ ಆವೃತ್ತಿ ಇದು, ಪಟ್ಟಿಯಲ್ಲಿ ಇರುವವು ಇಷ್ಟು ಎಂದು ಸ್ಪಷ್ಟವಾಗಿ ತಿಳಿಸಬೇಕು. ಮಾಹಿತಿ ತೋರಿಸುವಂತಹ ನಿರಪಾಯದ ಕೆಲಸವಾದರೆ ತಿಳಿದಿರುವ ಕೊನೆಯ ಆವೃತ್ತಿಯಂತೆ ಮುಂದುವರಿಯಬಹುದು, ಆದರೆ ಹಾಗೆ ಮಾಡಿದ್ದನ್ನು ದಾಖಲೆ ಕಡತದಲ್ಲಿ ಬರೆಯಲೇಬೇಕು. ಸದ್ದಿಲ್ಲದೆ ಊಹಿಸಿ ಮುಂದುವರಿದ ತಂತ್ರಾಂಶದಲ್ಲಿ ತಪ್ಪು ಒಂದೆಡೆ ಆಗಿ, ಅದರ ಪರಿಣಾಮ ಎಲ್ಲೋ ದೂರದಲ್ಲಿ ಕಾಣಿಸಿಕೊಳ್ಳುತ್ತದೆ. ಮೂಲವನ್ನು ಹುಡುಕುವವರ ಪಾಡು ಬಹಳ ಕಷ್ಟದ್ದು.

ಮೊದಲು ಹೇಳಿದ ಆ ಹಳೆಯ ತಂತ್ರಾಂಶಕ್ಕೆ ಮರಳುವುದಾದರೆ, ಮ್ಯಾನಿಫೆಸ್ಟ್‌ನಲ್ಲಿ ವಿಂಡೋಸ್ 10ರ ಗುರುತನ್ನು ಸೇರಿಸಿದ ಕ್ಷಣದಿಂದ ಅದಕ್ಕೆ 10.0 ಎಂಬ ಉತ್ತರ ಸಿಗುತ್ತದೆ. ಸೇರಿಸುವ ಮೊದಲು, ಆವೃತ್ತಿಯನ್ನು ಪರೀಕ್ಷಿಸುವ ಪ್ರತಿಯೊಂದು ಸಾಲನ್ನೂ ಅದರ ಮೂಲ ಸಂಕೇತದಲ್ಲಿ ಹುಡುಕಿ ಓದಿ ನೋಡಬೇಕು. ಎರಡನೆಯ ಅಂಕಿ 1 ಅಥವಾ ಹೆಚ್ಚು ಇರಬೇಕೆಂಬ ಆ ಹಳೆಯ ಪರೀಕ್ಷೆ ಅಲ್ಲಿ ಇನ್ನೂ ಉಳಿದಿದ್ದರೆ, 6.2 ಎಂಬ ಉತ್ತರ ಬರುವವರೆಗೆ ನಡೆಯುತ್ತಿದ್ದ ತಂತ್ರಾಂಶ 10.0 ಎಂಬ ಉತ್ತರ ಬಂದೊಡನೆ ನಿಂತುಬಿಡುತ್ತದೆ.

ನಮಸ್ಕಾರ.