ಹಳೆಯ ಕಂಪ್ಯೂಟರಿಗೆ ಅನಲಾಗ್ ಜಾಯ್‌ಸ್ಟಿಕ್ ಜೋಡಿಸುವಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಎಂಬತ್ತರ ದಶಕದ ಗೃಹ ಕಂಪ್ಯೂಟರುಗಳು ನಮ್ಮ ಮಲೆನಾಡಿನ ಮನೆಗಳ ಅಟ್ಟದಲ್ಲಿಯೋ ಶಾಲೆಯ ಬೀರುವಿನ ತಳದಲ್ಲಿಯೋ ಇನ್ನೂ ಉಳಿದುಕೊಂಡಿರುವುದುಂಟು. 1984–85ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗಾಗಿ ಆರಂಭಿಸಿದ ‘ಕ್ಲಾಸ್’ ಯೋಜನೆಯ ಮೂಲಕ ಬ್ರಿಟನ್ನಿನ ಏಕಾರ್ನ್ ಸಂಸ್ಥೆಯ ಬಿಬಿಸಿ ಮೈಕ್ರೊ ಕಂಪ್ಯೂಟರು ಭಾರತದ ಶಾಲೆಗಳಿಗೆ ಬಂದಿತು. ಹೊರದೇಶದಲ್ಲಿ ಕೆಲಸ ಮಾಡುತ್ತಿದ್ದ ಬಂಧುಗಳ ಕೈಯಲ್ಲಿ ಕಮಡೋರ್, ಅಟಾರಿ ಯಂತ್ರಗಳೂ ಅಲ್ಲೊಂದು ಇಲ್ಲೊಂದು ಬಂದವು. ಅಂಥ ಯಂತ್ರವನ್ನು ಒರೆಸಿ, ದುರಸ್ತಿ ಮಾಡಿ, ಮತ್ತೆ ಚಾಲೂ ಮಾಡುವ ಹವ್ಯಾಸಿಗಳು ಶಿವಮೊಗ್ಗದಲ್ಲಿಯೂ ಇದ್ದಾರೆ, ನಾನೂ ಅವರಲ್ಲಿ ಒಬ್ಬ. ನಮ್ಮನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ಜಾಯ್‌ಸ್ಟಿಕ್, ಅಂದರೆ ಆಟ ಆಡಲು ಕೈಯಲ್ಲಿ ಹಿಡಿದು ಓಲಾಡಿಸುವ ಕೋಲು, ಸಿಕ್ಕಿದೆ, ಅದರ ಪ್ಲಗ್ ಸಾಕೆಟ್ಟಿನಲ್ಲಿ ಸರಿಯಾಗಿ ಕೂರುತ್ತದೆ, ಆದರೂ ಪರದೆಯ ಮೇಲಿನ ವಿಮಾನ ಒಂದೇ ಕಡೆಗೆ ವಾಲಿಕೊಂಡಿರುತ್ತದೆ, ಇದಕ್ಕೆ ಏನು ಕಾರಣ ಎಂಬುದೇ ಆ ಪ್ರಶ್ನೆ. ಅನಲಾಗ್ ಜಾಯ್‌ಸ್ಟಿಕ್ಕಿನಲ್ಲಿ ಹೊಂದಬೇಕಾದದ್ದು ಪ್ಲಗ್ ಅಲ್ಲ, ವಿದ್ಯುತ್ ರೋಧ ಮತ್ತು ಅದನ್ನು ಅಳೆಯುವ ಕ್ರಮ. ಇವತ್ತಿನ ಮಾತು ಪೂರ್ತಿಯಾಗಿ ಇದರ ಬಗ್ಗೆಯೇ.

ಆ ಕಾಲದ ಬಹುಪಾಲು ಜಾಯ್‌ಸ್ಟಿಕ್ಕುಗಳು ಅನಲಾಗ್ ಆಗಿರಲಿಲ್ಲ. ಅಟಾರಿಯ ಹೆಸರುವಾಸಿ ಜಾಯ್‌ಸ್ಟಿಕ್ಕಿನಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಸ್ವಿಚ್ಚು, ಗುಂಡು ಹಾರಿಸಲು ಇನ್ನೊಂದು ಸ್ವಿಚ್ಚು, ಇಷ್ಟೇ ಇರುತ್ತಿದ್ದವು. ಎಡಕ್ಕೆ ಒತ್ತಲಾಗಿದೆಯೇ ಇಲ್ಲವೇ ಎಂಬುದಷ್ಟೇ ಕಂಪ್ಯೂಟರಿಗೆ ಗೊತ್ತಾಗುತ್ತಿತ್ತು. ಅನಲಾಗ್ ಜಾಯ್‌ಸ್ಟಿಕ್ಕಾದರೋ ಎಷ್ಟು ಎಡಕ್ಕೆ ಎಂಬುದನ್ನೂ ಹೇಳುತ್ತದೆ. ಅದರ ಒಳಗೆ ಒಂದಕ್ಕೊಂದು ಅಡ್ಡವಾಗಿ ಕೂರಿಸಿದ ಎರಡು ಪೊಟೆನ್ಷಿಯೋಮೀಟರುಗಳಿರುತ್ತವೆ. ರೇಡಿಯೊ ರಿಪೇರಿ ಬಲ್ಲವರು ಇದನ್ನು ವಾಲ್ಯೂಮ್ ಕಂಟ್ರೋಲ್ ಎಂದು ಕರೆಯುತ್ತಾರೆ, ಮತ್ತು ಅದು ನಿಜವಾಗಿಯೂ ಅದೇ ಭಾಗ. ಈಗ ನನ್ನ ದನಿಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಲು ನಿಮ್ಮಲ್ಲಿ ಕೆಲವರು ತಿರುಗಿಸುವ ಗುಂಡಿಯ ಹಿಂದೆಯೂ ಅದೇ ಇದೆ. ಕಾರ್ಬನ್ ಬಳಿದ ಒಂದು ಬಿಲ್ಲಿನಾಕಾರದ ಪಟ್ಟಿಯ ಮೇಲೆ ಲೋಹದ ಪುಟ್ಟ ತೋಳೊಂದು ಸವರುತ್ತ ಹೋಗುತ್ತದೆ. ತೋಳು ಎಲ್ಲಿ ನಿಂತಿದೆ ಎಂಬುದರ ಮೇಲೆ ರೋಧ ಬದಲಾಗುತ್ತದೆ.

ಆ ರೋಧವನ್ನು ಸಂಖ್ಯೆಯಾಗಿ ಮಾರ್ಪಡಿಸುವುದರಲ್ಲಿ ಒಂದೊಂದು ಯಂತ್ರದ್ದು ಒಂದೊಂದು ದಾರಿ. 1977ರ ಆ್ಯಪಲ್ ಟೂ ಅತ್ಯಂತ ಮಿತವ್ಯಯದ ದಾರಿಯನ್ನು ಹಿಡಿಯಿತು. ಅದರಲ್ಲಿ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಪುಟ್ಟ ಕೆಪಾಸಿಟರೊಂದು ಜಾಯ್‌ಸ್ಟಿಕ್ಕಿನ ರೋಧದ ಮೂಲಕ ತುಂಬಿಕೊಳ್ಳುತ್ತದೆ. ರೋಧ ಹೆಚ್ಚಿದ್ದಷ್ಟೂ ತುಂಬಲು ಹೆಚ್ಚು ಹೊತ್ತು ಬೇಕು. 558 ಎಂಬ ಟೈಮರ್ ಚಿಪ್ ಇದನ್ನು ಕಾಯುತ್ತಿರುವಾಗ ಪ್ರೊಸೆಸರು ಸುಮಾರು 11 ಮೈಕ್ರೊಸೆಕೆಂಡಿಗೆ ಒಂದರಂತೆ ಎಣಿಸುತ್ತ ಕುಳಿತಿರುತ್ತದೆ, ಎಣಿಕೆ 255ಕ್ಕೆ ಮುಗಿಯುತ್ತದೆ. ಅಂದರೆ ಕೋಲನ್ನು ಒಂದು ತುದಿಗೆ ತಳ್ಳಿದಾಗ, ಒಂದು ಅಕ್ಷವನ್ನು, ಅಂದರೆ ಎಡ-ಬಲ ಇಲ್ಲವೇ ಮೇಲೆ-ಕೆಳಗಿನ ಓಲಾಟವನ್ನು, ಓದುವುದಕ್ಕೇ ಮೂರು ಮಿಲಿಸೆಕೆಂಡಿನ ಹತ್ತಿರ ಹತ್ತಿರ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಪ್ರೊಸೆಸರು ಬೇರೆ ಕೆಲಸ ಮಾಡುವಂತಿಲ್ಲ. ಒಂದು ಅಕ್ಷವನ್ನು ಓದಿದ ಕೂಡಲೇ ಇನ್ನೊಂದನ್ನು ಓದಲು ಹೋದರೆ ಹಿಂದಿನ ಟೈಮರು ಇನ್ನೂ ನಡೆಯುತ್ತಿದ್ದು ತಪ್ಪು ಸಂಖ್ಯೆ ಬರುವುದೂ ಉಂಟು. ಹಾಗಾಗಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವವರು ಎರಡು ಓದಿನ ನಡುವೆ ಒಂದಿಷ್ಟು ಬಿಡುವು ಕೊಡಬೇಕಾಗುತ್ತದೆ. 1981ರ ಐಬಿಎಂ ಪಿಸಿಯ ಗೇಮ್ ಕಾರ್ಡೂ ಇದೇ 558 ಚಿಪ್ಪನ್ನು ನೆಚ್ಚಿಕೊಂಡಿತು.

ಅಟಾರಿ ಮತ್ತು ಕಮಡೋರ್ ಯಂತ್ರಗಳು ಪ್ರೊಸೆಸರಿಗೆ ಈ ಹೊರೆಯನ್ನು ಹೊರಿಸಲಿಲ್ಲ. ಅಟಾರಿಯ ಪೋಕಿ, ಕಮಡೋರ್ 64ರ ಸಿಡ್, ಎರಡೂ ಧ್ವನಿ ಹೊರಡಿಸುವ ಚಿಪ್ಪುಗಳು. ಅವೇ ತಮ್ಮ ಪಾಡಿಗೆ ಜಾಯ್‌ಸ್ಟಿಕ್ಕಿನ ರೋಧವನ್ನೂ ಅಳೆದು ಇಡುತ್ತವೆ. ಟ್ಯಾಂಡಿ ಸಂಸ್ಥೆಯ 1980ರ ಕಲರ್ ಕಂಪ್ಯೂಟರಿನಲ್ಲಿಯೂ ಧ್ವನಿಗೆಂದು ಇಟ್ಟ, ಸಂಖ್ಯೆಯನ್ನು ವೋಲ್ಟೇಜಾಗಿ ಮಾರ್ಪಡಿಸುವ ಆರು ಬಿಟ್‌ಗಳ ಪರಿವರ್ತಕವೇ ಕೋಲಿನ ಸ್ಥಾನವನ್ನು ಹೋಲಿಸಿ ನೋಡುವ ಕೆಲಸಕ್ಕೂ ಒದಗುತ್ತದೆ. ಆದ್ದರಿಂದಲೇ ಅಲ್ಲಿ ಸಂಖ್ಯೆ 0ಯಿಂದ 63ರವರೆಗೆ ಮಾತ್ರ. ದುಡ್ಡು ಉಳಿಸಲು ಹೊರಟವರು ಒಂದೇ ಭಾಗದಿಂದ ಎರಡು ಕೆಲಸ ತೆಗೆದ ಈ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಅಳತೆಗೆಂದೇ ಪ್ರತ್ಯೇಕ ಚಿಪ್ಪನ್ನು ಇಟ್ಟದ್ದು ಬಿಬಿಸಿ ಮೈಕ್ರೊ. ಅದರ ಮಾಡೆಲ್ ಬಿ ಯಂತ್ರದಲ್ಲಿ ಎನ್‌ಇಸಿಯವರ 7002 ಎಂಬ, ವೋಲ್ಟೇಜನ್ನು ಸಂಖ್ಯೆಯಾಗಿ ಮಾರ್ಪಡಿಸುವ, ನಾಲ್ಕು ದಾರಿಗಳುಳ್ಳ ಪರಿವರ್ತಕವಿದೆ. ಅದು ಒಂದು ದಾರಿಯನ್ನು ಅಳೆಯಲು ಸುಮಾರು 10 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ನಾಲ್ಕನ್ನೂ ಸುತ್ತಿ ಬರಲು 40. ಒಂದೇ ಜಾಯ್‌ಸ್ಟಿಕ್ ಬಳಸುವವರು ‘ಸ್ಟಾರ್ ಎಫ್‌ಎಕ್ಸ್ 16 ಕಾಮಾ 2’ ಎಂಬ ಆದೇಶ ಕೊಟ್ಟು ಅಕ್ಷಕ್ಕೊಂದರಂತೆ ಎರಡೇ ದಾರಿಗಳನ್ನು ಚಾಲೂ ಇಟ್ಟುಕೊಂಡರೆ ಕೈಗೂ ಪರದೆಗೂ ನಡುವಿನ ತಡ ಅರ್ಧಕ್ಕಿಳಿಯುತ್ತದೆ. 1984ರಲ್ಲಿ ಈ ಯಂತ್ರಕ್ಕಾಗಿ ಬಂದ ‘ಎಲೀಟ್’ ಎಂಬ ಆಕಾಶಯಾನದ ಆಟವನ್ನು ಅನಲಾಗ್ ಕೋಲಿನಿಂದ ಆಡಿದವರಿಗೆ, ನೌಕೆಯನ್ನು ತುಸುವೇ ಓರೆ ಮಾಡಿ ನಿಧಾನವಾಗಿ ಹೊರಳಿಸುವುದರ ಸೊಗಸು ಏನೆಂದು ಗೊತ್ತು.

ಈಗ ರೋಧದ ಮಾತು. ಆ್ಯಪಲ್ ಟೂ ಬಯಸುವುದು 150 ಕಿಲೋ ಓಮ್, ಐಬಿಎಂ ಪಿಸಿ ಬಯಸುವುದು 100 ಕಿಲೋ ಓಮ್, ಕಮಡೋರ್ 64 ಸುಮಾರು 470 ಕಿಲೋ ಓಮ್, ಅಟಾರಿಯ ಪ್ಯಾಡಲ್ಲುಗಳಲ್ಲಿ, ಅಂದರೆ ಗುಂಡಿ ತಿರುಗಿಸಿ ಆಡುವ ಸಾಧನಗಳಲ್ಲಿ, ಇರುವುದು ಒಂದು ಮೆಗಾ ಓಮ್. ಇಂದು ಸಂತೆಯಲ್ಲಿಯೋ ಗುಜರಿಯಲ್ಲಿಯೋ ಸುಲಭವಾಗಿ ದೊರೆಯುವುದು ಪಿಸಿಯ ಹಳೆಯ ಜಾಯ್‌ಸ್ಟಿಕ್. ಅದರ ತಂತಿಗಳನ್ನು ಬದಲಿಸಿ ಆ್ಯಪಲ್ಲಿಗೆ ಜೋಡಿಸಿದರೆ ಸಂಖ್ಯೆ 170ರ ಆಸುಪಾಸಿನಲ್ಲಿಯೇ ನಿಂತುಬಿಡುತ್ತದೆ, ಮೂರರಲ್ಲಿ ಎರಡು ಪಾಲು ಮಾತ್ರ. ವಿಮಾನ ಒಂದೇ ಕಡೆಗೆ ವಾಲುವುದು ಇದರಿಂದಲೇ: ನಡುವಿನಲ್ಲಿ ನಿಂತ ಕೋಲು 127 ಎನ್ನುವ ಬದಲು 85 ಎನ್ನುತ್ತಿರುತ್ತದೆ. ಪರಿಹಾರ ಅಗ್ಗದ್ದೇ. ಪ್ರತಿ ಅಕ್ಷದ ತಂತಿಗೂ ಸೊನ್ನೆ ವೋಲ್ಟಿನ ತಂತಿಯಾದ ಗ್ರೌಂಡಿಗೂ ನಡುವೆ 0.01 ಮೈಕ್ರೊಫ್ಯಾರಡ್ ಕೆಪಾಸಿಟರೊಂದನ್ನು ಬೆಸುಗೆ ಹಾಕಿದರೆ, ಯಂತ್ರದೊಳಗಿನ 0.022 ಮೈಕ್ರೊಫ್ಯಾರಡ್ ಜೊತೆಗೆ ಅದು ಕೂಡಿಕೊಂಡು ತುಂಬುವ ಹೊತ್ತು ಹಿಗ್ಗುತ್ತದೆ, ಸಂಖ್ಯೆ ಬಹುಮಟ್ಟಿಗೆ ಪೂರ್ತಿ ಹರವಿಕೊಳ್ಳುತ್ತದೆ.

ಬಿಬಿಸಿ ಮೈಕ್ರೊದ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅದರ ಅನಲಾಗ್ ಸಾಕೆಟ್ಟಿಗೂ ಪಿಸಿಯ ಗೇಮ್ ಸಾಕೆಟ್ಟಿಗೂ ಹದಿನೈದೇ ಪಿನ್ನು, ಆಕಾರವೂ ಒಂದೇ. ಪ್ಲಗ್ ಸಲೀಸಾಗಿ ಕೂರುತ್ತದೆ. ಆದರೆ ಪಿಸಿಯ ಕೋಲಿನಲ್ಲಿ 1ನೆಯ ಪಿನ್ನಿನ 5 ವೋಲ್ಟು ಪೊಟೆನ್ಷಿಯೋಮೀಟರನ್ನು ಹಾಯ್ದು 3ನೆಯ ಪಿನ್ನಿಗೆ ಬರುತ್ತದೆ, ಬಿಬಿಸಿಯಲ್ಲಿ ಆ 3ನೆಯ ಪಿನ್ನು ಗ್ರೌಂಡ್. ಕೋಲು ರೋಧವಿಲ್ಲದ ತುದಿಗೆ ಹೋದಾಗ 5 ವೋಲ್ಟು ನೇರವಾಗಿ ಗ್ರೌಂಡಿಗೆ ಹರಿದು ಕಾರ್ಬನ್ ಪಟ್ಟಿ ಸುಟ್ಟುಹೋಗುವ ಸಂಭವವಿದೆ, ಯಂತ್ರಕ್ಕೂ ಅದು ಒಳ್ಳೆಯದಲ್ಲ. ಅಲ್ಲದೆ ಪಿಸಿಯ ಕೋಲು ಪೊಟೆನ್ಷಿಯೋಮೀಟರಿನ ಎರಡು ಕಾಲುಗಳನ್ನಷ್ಟೇ ಬಳಸಿದರೆ ಬಿಬಿಸಿಗೆ ಮೂರೂ ಕಾಲು ಬೇಕು: ಒಂದು ತುದಿ ಅಳತೆಗೆ ಆಧಾರವಾದ ಉಲ್ಲೇಖ ವೋಲ್ಟೇಜಿಗೆ, ಇನ್ನೊಂದು ಅನಲಾಗ್ ಗ್ರೌಂಡಿಗೆ, ನಡುವಿನ ತೋಳು ಅಳೆಯುವ ದಾರಿಗೆ. ಹೀಗೆ ಜೋಡಿಸಿದಾಗ ರೋಧದ ಒಟ್ಟು ಮೊತ್ತಕ್ಕಿಂತ ತೋಳು ಅದನ್ನು ಪಾಲು ಮಾಡುವ ಅನುಪಾತವೇ ಮುಖ್ಯವಾಗುತ್ತದೆ. ಬೇಸಿಗೆಯ ಸೆಕೆಗೆ ಉಲ್ಲೇಖ ವೋಲ್ಟೇಜು ತುಸು ಕದಲಿದರೂ ಅನುಪಾತ ಕದಲುವುದಿಲ್ಲ. ನಾನು ಕಂಡ ಹಳೆಯ ಯಂತ್ರಗಳಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಇನ್ನೊಂದಿಲ್ಲ.

ಪೊಟೆನ್ಷಿಯೋಮೀಟರು ಕೆಟ್ಟಾಗ ರೇಡಿಯೊ ಬಿಡಿಭಾಗಗಳ ಅಂಗಡಿಯಲ್ಲಿ ಬರಿಯ ವಾಲ್ಯೂಮ್ ಕಂಟ್ರೋಲ್ ಕೇಳಿ ತರಬಾರದು. ದನಿಗೆಂದು ಮಾಡಿದ್ದರಲ್ಲಿ ರೋಧ ಸಮನಾಗಿ ಏರುವುದಿಲ್ಲ. ಗುಂಡಿ ನಡುವಿಗೆ ಬಂದರೂ ರೋಧ ಅರ್ಧಕ್ಕಿಂತ ಎಷ್ಟೋ ಕಡಿಮೆಯಿರುತ್ತದೆ. ಜಾಯ್‌ಸ್ಟಿಕ್ಕಿಗೆ ಬೇಕಾದದ್ದು ರೋಧ ಸಮನಾಗಿ ಏರುವ ಲೀನಿಯರ್ ಬಗೆಯದು, ಸಾಮಾನ್ಯವಾಗಿ ಅದರ ಬೆನ್ನ ಮೇಲೆ ಬಿ ಅಕ್ಷರವಿರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಸಾಮಾನ್ಯ ಪೊಟೆನ್ಷಿಯೋಮೀಟರು 300 ಡಿಗ್ರಿಯಷ್ಟು ತಿರುಗುತ್ತದೆ, ಕೋಲು ಓಲಾಡುವುದು 60 ಡಿಗ್ರಿಯ ಸುಮಾರು. 470 ಕಿಲೋ ಓಮಿನದನ್ನು ಹಾಕಿದರೂ ಕೈಗೆ ಬರುವ ವ್ಯತ್ಯಾಸ 100 ಕಿಲೋ ಓಮಿಗಿಂತ ಕೊಂಚ ಕಡಿಮೆಯೇ. ಬೆಸುಗೆ ಹಾಕುವ ಮೊದಲು ಮಲ್ಟಿಮೀಟರು ಹಿಡಿದು ಎರಡು ತುದಿ ಮತ್ತು ನಡುವನ್ನು ಅಳೆದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಸೀಮೆಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಶತ್ರು ತೇವ. ಆರಿದ್ರೆಯಿಂದ ಆಶ್ಲೇಷದವರೆಗೆ ಮಳೆ ಹಿಡಿದುಕೊಂಡಿರುವ ದಿನಗಳಲ್ಲಿ ಪುಸ್ತಕದ ರಟ್ಟಿಗೇ ಬೂಷ್ಟು ಹಿಡಿಯುವಾಗ ಲೋಹದ ತೋಳು ಹಾಗೆಯೇ ಉಳಿದೀತೆ? ತೀರ್ಥಹಳ್ಳಿಯ ಗೆಳೆಯರೊಬ್ಬರ ಜಾಯ್‌ಸ್ಟಿಕ್ಕನ್ನು ಮಳೆಗಾಲ ಕಳೆದ ಮೇಲೆ ಬಿಚ್ಚಿದೆವು. ತೋಳಿನ ತುದಿಯಲ್ಲಿ ಹಸಿರು ಕಿಲುಬು ಕೂತಿತ್ತು, ಕೋಲು ಹೆಚ್ಚಾಗಿ ನಿಲ್ಲುತ್ತಿದ್ದ ನಡುಜಾಗದಲ್ಲಿ ಕಾರ್ಬನ್ ಪಟ್ಟಿ ಸವೆದು ಹೊಳೆಯುತ್ತಿತ್ತು. ಹಳೆಯ ರೇಡಿಯೊದ ಗುಂಡಿ ತಿರುಗಿಸಿದಾಗ ಕೇಳುವ ಕರಕರ ಸದ್ದು ಇಲ್ಲಿ ಸಂಖ್ಯೆಗಳ ನೆಗೆದಾಟವಾಗಿ ಕಾಣುತ್ತದೆ. ಕಾಂಟ್ಯಾಕ್ಟ್ ಕ್ಲೀನರನ್ನು ಒಂದೆರಡು ಹನಿ ಬಿಟ್ಟು, ಕೋಲನ್ನು ತುದಿಯಿಂದ ತುದಿಗೆ ಹಲವು ಸಲ ಆಡಿಸಿ, ಒಣಗಲು ಬಿಟ್ಟ ಮೇಲೆ ಅದು ಸರಿಯಾಯಿತು. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಇಂಥ ವಸ್ತುವನ್ನು ಅಲ್ಲಿಡಬೇಡಿ. ಹೊಗೆಯ ಮಸಿ ಒಳಗೆ ಇಳಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ಬಿಸಿಲು ಬಿದ್ದ ದಿನ ಆ ಪೊಟ್ಟಣಗಳನ್ನು ಒಣಗಿಸಿಕೊಂಡರೆ ಸಾಕು.

ದುರಸ್ತಿಯಾದ ಕೋಲನ್ನು ಪರೀಕ್ಷಿಸಲು ಬಿಬಿಸಿ ಮೈಕ್ರೊದಲ್ಲಿ ಎರಡು ಸಾಲಿನ ಪ್ರೋಗ್ರಾಮು ಸಾಕು. ಮೊದಲ ಸಾಲಿನಲ್ಲಿ, ಅಳೆದ ಸಂಖ್ಯೆಯನ್ನು ಓದಿ ಕೊಡುವ ಆ್ಯಡ್‌ವ್ಯಾಲ್ ಒಂದು ಮತ್ತು ಎರಡರ ಬೆಲೆಗಳನ್ನು 256ರಿಂದ ಭಾಗಿಸಿ ಪ್ರಿಂಟ್ ಮಾಡಿಸಿ, ಎರಡನೆಯ ಸಾಲಿನಲ್ಲಿ ಮತ್ತೆ ಮೊದಲನೆಯದಕ್ಕೆ ಕಳುಹಿಸಿ. ಮೂಲ ಸಂಖ್ಯೆ 65520ರವರೆಗೆ ಹೋಗುತ್ತದಾದರೂ ಅದರ ಕೊನೆಯ ಅಂಕಿಗಳು ಕೈ ಮುಟ್ಟದಿದ್ದರೂ ನಡುಗುತ್ತಿರುತ್ತವೆ, ಭಾಗಿಸಿದರೆ ಆ ನಡುಕ ಮರೆಯಾಗುತ್ತದೆ. ಈ ಯಂತ್ರದಲ್ಲಿ ಕೋಲನ್ನು ಎಡಕ್ಕೂ ಮೇಲಕ್ಕೂ ತಳ್ಳಿದಾಗಲೇ ಸಂಖ್ಯೆ ಏರುತ್ತದೆ. ಅದನ್ನು ಕಂಡು ತಂತಿ ಅದಲುಬದಲಾಯಿತೆಂದು ಮತ್ತೆ ಬಿಚ್ಚಲು ಹೋಗಬೇಡಿ. ಕೈ ಬಿಟ್ಟಾಗ ಸಂಖ್ಯೆ 127ರ ಅಕ್ಕಪಕ್ಕದಲ್ಲಿ ನಿಲ್ಲದೆ ತುಸು ಆಚೀಚೆ ನಿಂತರೆ, ಅಲ್ಲಿ ಸಿಕ್ಕ ಸಂಖ್ಯೆಯನ್ನೇ ನಡು ಎಂದು ನಿಮ್ಮ ಪ್ರೋಗ್ರಾಮಿಗೆ ಹೇಳಿ, ಅದರ ಎರಡೂ ಬದಿಗೆ ಹತ್ತರಷ್ಟು ಅಂತರವನ್ನು ಚಲನೆಯೆಂದು ಎಣಿಸದಂತೆ ಬರೆದುಕೊಳ್ಳಿ. ನಮಸ್ಕಾರ.