ಅತ್ತೆಯ ಕಣ್ಣಿನ ಪೊರೆ ಮತ್ತು ಕ್ವಾಂಟಮ್ ಮುಕ್ತಿ

ನಮಸ್ಕಾರ. ಹೋದ ತಿಂಗಳು ಒಂದು ಭಾನುವಾರ ನಮ್ಮ ಸೋದರತ್ತೆಯನ್ನು ಕರೆದುಕೊಂಡು ಒಂದು ಶಿಬಿರಕ್ಕೆ ಹೋಗಿದ್ದೆ. ಕಲ್ಯಾಣ ಮಂಟಪದ ಮೇಲಿನ ಹಾಲ್. ಬ್ಯಾನರ್‌ನಲ್ಲಿ ಒಂದು ಕಡೆ ಓಂ, ಇನ್ನೊಂದು ಕಡೆ ಪರಮಾಣುವಿನ ಚಿತ್ರ. ತಲೆಗೆ 1500 ರೂಪಾಯಿ, ಊಟ ಸೇರಿ. ವೇದಿಕೆ ಮೇಲಿದ್ದವರು ಹೇಳಿದ್ದು ಇಷ್ಟು: ಕ್ವಾಂಟಮ್ ವಿಜ್ಞಾನ, ಅಂದರೆ ಪರಮಾಣುವಿನಂಥ ತೀರಾ ಸಣ್ಣ ಕಣಗಳ ವಿಜ್ಞಾನದ ಪ್ರಕಾರ, ನೀವು ನೋಡಿದರೆ ಕಣ ಬದಲಾಗುತ್ತದೆ. ಹಾಗಾಗಿ ನಿಮ್ಮ ಪ್ರಜ್ಞೆಯೇ ಜಗತ್ತನ್ನು ಸೃಷ್ಟಿ ಮಾಡುತ್ತಿದೆ. ಇದು ಗೊತ್ತಾದ ಕ್ಷಣವೇ ಮುಕ್ತಿ. ಜೋರು ಚಪ್ಪಾಳೆ.

ಅತ್ತೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ಅಲ್ಲ ಕಣೋ, ನಂಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ನಾನು ನೋಡಿದ್ರೆ ಅರ್ಧಂಬರ್ಧ ಬದಲಾಗುತ್ತಾ?"

ನಗು ತಡೆಯೋಕೆ ಆಗಲಿಲ್ಲ. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಇಡೀ ಎಡವಟ್ಟು ಇರೋದು "ನೋಡೋದು" ಅನ್ನುವ ಆ ಒಂದು ಮಾತಿನಲ್ಲೇ.

1999ರಲ್ಲಿ ವಿಯೆನ್ನಾದಲ್ಲಿ ಒಂದು ಪ್ರಯೋಗ ಮಾಡಿದರು. 60 ಇಂಗಾಲದ ಪರಮಾಣು ಸೇರಿ ಫುಟ್‌ಬಾಲ್ ಆಕಾರದ ಒಂದು ಅಣು ಆಗುತ್ತದೆ, ಫುಲ್ಲರೀನ್ ಅಂತ. ಅದನ್ನು ಕುಲುಮೆಯಲ್ಲಿ ಕಾಯಿಸಿ ಆವಿ ಮಾಡಿ, ತೀರಾ ಸಣ್ಣ ಸೀಳುಗಳ ಮೂಲಕ ಹಾಯಿಸಿದರು. ಆಚೆ ಕಡೆ ಅಲೆಗಳು ಒಂದಕ್ಕೊಂದು ಸೇರಿದಾಗ ಮೂಡುವಂಥ ಪಟ್ಟೆಗಳು ಕಂಡವು. ಅಷ್ಟು ದಪ್ಪನೆಯ ಅಣು ಕೂಡ ಅಲೆಯ ಥರ ನಡೆದುಕೊಂಡಿತ್ತು.

ನನಗೆ ಇನ್ನೂ ಇಷ್ಟವಾದದ್ದು ಅದೇ ಊರಿನಲ್ಲಿ ನಡೆದ 2004ರ ಪ್ರಯೋಗ. ಈ ಸಲ 70 ಪರಮಾಣುಗಳ ಅಣು. ಅದು ಸೀಳುಗಳನ್ನು ತಲುಪುವ ಮೊದಲು ಲೇಸರ್‌ನಿಂದ ಇನ್ನಷ್ಟು ಬಿಸಿ ಮಾಡಿದರು. ಕಾದ ಕಬ್ಬಿಣ ಕೆಂಪಗೆ ಹೊಳೆಯುತ್ತದಲ್ಲ, ಹಾಗೆ ಅಣುವೂ ಹಾರುತ್ತಾ ಹಾರುತ್ತಾ ಬೆಳಕು ಬಿಡತೊಡಗಿತು. ಆ ಬೆಳಕಿನ ಜೊತೆ "ನಾನು ಇಲ್ಲಿದ್ದೇನೆ" ಅನ್ನುವ ಸುಳಿವೂ ಹೊರಗೆ ಸೋರಿತು. ಬಿಸಿ ಏರಿದ ಹಾಗೆ ಪಟ್ಟೆಗಳು ಮಸುಕಾಗಿ ಮಾಯವಾದವು, ಅಂದರೆ ಅಣು ಅಲೆಯ ಥರ ನಡೆದುಕೊಳ್ಳೋದು ಕಾಣದಾಯಿತು. ಸ್ವಾರಸ್ಯ ಏನು ಗೊತ್ತಾ? ಆ ಬೆಳಕನ್ನು ಯಾರೂ ಹಿಡಿದು ನೋಡಲಿಲ್ಲ. ಅದು ಹೋಗಿ ಬಿದ್ದದ್ದು ಯಂತ್ರದ ಗೋಡೆಗೆ. ಸುದ್ದಿ ಹೊರಗೆ ಸೋರಿದ್ದೇ ಸಾಕಾಯಿತು. ಅಲ್ಲಿ ಕಣ್ಣೂ ಬೇಡ, ಪ್ರಜ್ಞೆಯೂ ಬೇಡ, ಪೊರೆಯ ಚಿಂತೆಯಂತೂ ಬೇಡವೇ ಬೇಡ.

ಹಾಗಂತ ಶಿಬಿರದವರು ಇದನ್ನು ಗಾಳಿಯಿಂದ ತಂದರು ಅಂತ ನಾನು ಹೇಳೋದಿಲ್ಲ. ಪ್ರಜ್ಞೆ ಇಲ್ಲದೆ ಅಳತೆ ಪೂರ್ತಿಯಾಗುವುದಿಲ್ಲ ಅಂತ 1961ರಲ್ಲಿ ಬರೆದವರು ಭೌತವಿಜ್ಞಾನಿ ಯೂಜೀನ್ ವಿಗ್ನರ್. ಎರಡು ವರ್ಷದ ಮೇಲೆ ನೊಬೆಲ್ ಬಂದ ಮನುಷ್ಯ. ಆಮೇಲೆ ಅವರೇ ಆ ಅಭಿಪ್ರಾಯ ಬಿಟ್ಟುಕೊಟ್ಟರು. ನಮ್ಮ ವಾಟ್ಸಾಪ್ ಇನ್ನೂ ಬಿಟ್ಟಿಲ್ಲ.

ನನಗೆ ಜಾಸ್ತಿ ಬೇಜಾರಾಗೋದು ವಿಜ್ಞಾನಕ್ಕೆ ಆದ ಅನ್ಯಾಯ ನೋಡಿ ಅಲ್ಲ, ವೇದಾಂತಕ್ಕೆ ಆದದ್ದು ನೋಡಿ. ಮುಂಡಕ ಉಪನಿಷತ್ತಿನಲ್ಲಿ ಎರಡು ಹಕ್ಕಿಗಳು ಬರುತ್ತವೆ. ಒಂದೇ ಮರ. ಒಂದು ಹಕ್ಕಿ ಹಣ್ಣು ತಿನ್ನುತ್ತದೆ, ಇನ್ನೊಂದು ಸುಮ್ನೆ ನೋಡುತ್ತಾ ಕೂತಿರುತ್ತದೆ. ವೇದಾಂತ ಸಾಕ್ಷಿ ಅನ್ನೋದು, ಅಂದರೆ ಸುಮ್ಮನೆ ನೋಡುವ ಪ್ರಜ್ಞೆ ಅನ್ನೋದು, ಆ ಎರಡನೆಯದನ್ನು. ಅದು ನೋಡಿದ್ದರಿಂದ ಹಣ್ಣು ಸಿಹಿಯಾಗುವುದಿಲ್ಲ, ಕೊಂಬೆ ಅಲುಗುವುದಿಲ್ಲ. ಶಂಕರರ ಹಗ್ಗ-ಹಾವಿನ ಉದಾಹರಣೆಯೂ ಅಷ್ಟೇ. ದೀಪ ತಂದು ನೋಡಿದಾಗ ಹಗ್ಗಕ್ಕೆ ಏನೂ ಆಗುವುದಿಲ್ಲ. ಹೋಗುವುದು ಹಾವಿನ ಭಯ. ಮುಕ್ತಿ ಅಂದರೆ ಅವರ ಪ್ರಕಾರ ಹೊಸದಾಗಿ ಏನನ್ನೋ ಸೃಷ್ಟಿ ಮಾಡೋದಲ್ಲ, ಮೊದಲಿಂದ ಇದ್ದದ್ದು ತಿಳಿಯೋದು.

ಪ್ರಯೋಗಾಲಯದ "ನೋಟ" ಮುಟ್ಟದೆ ಇರಲಾರದು. ಸಾಕ್ಷಿಯ ನೋಟ ಮುಟ್ಟುವುದೇ ಇಲ್ಲ. ಇವೆರಡನ್ನೂ ಒಂದೇ ಅನ್ನೋದು ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದ ಹಾಗೆ, ಅಲ್ವಾ?

ಇದನ್ನು ಹೇಳೋಕೆ ನಾನ್ಯಾರು ಅಂತ ನೀವು ಕೇಳಬಹುದು. ಹಾಗಿದ್ದರೆ ಭೌತವಿಜ್ಞಾನಿ ಶ್ರೋಡಿಂಗರ್ ಮಾತು ಕೇಳಿ. 1926ರಲ್ಲಿ ಕ್ವಾಂಟಮ್ ಅಲೆಯ ಸಮೀಕರಣ ಕೊಟ್ಟವರು ಅವರೇ. ಅದಕ್ಕೂ ಮೊದಲೇ, 1925ರಲ್ಲಿ, ವೇದಾಂತದ ಬಗ್ಗೆ ಬರೆದಿದ್ದರು. 1944ರಲ್ಲಿ ಜೀವದ ಬಗ್ಗೆ ಬರೆದ ಪುಸ್ತಕದ ಕೊನೆಯಲ್ಲಿ ಆತ್ಮವೇ ಬ್ರಹ್ಮ ಅನ್ನುವ ಉಪನಿಷತ್ತಿನ ಮಾತು ತಂದರು. ಆದರೆ ಇದು ನನ್ನ ಸ್ವಂತ ಅಭಿಪ್ರಾಯ ಅಂತ ಹೇಳಿ ಬೇರೆಯಾಗಿ ಇಟ್ಟರು. 1956ರಲ್ಲಿ ಕೇಂಬ್ರಿಡ್ಜ್‌ಗೆ ಅಂತ ಬರೆದ ಉಪನ್ಯಾಸದಲ್ಲಿ ಇನ್ನೂ ಖಡಕ್ಕಾಗಿ ಹೇಳಿದರು: ನೋಡುವ ಮನಸ್ಸು ಭೌತಿಕ ವಸ್ತುವಲ್ಲ, ಅದು ಯಾವ ವಸ್ತುವನ್ನೂ ಅಲುಗಿಸಲಾರದು. ಎರಡೂ ಕಡೆ ಆಳಕ್ಕೆ ಇಳಿದವರು ಗಂಟು ಹಾಕಲಿಲ್ಲ.

ಪ್ರಜ್ಞೆ ಅಂದರೇನು ಅನ್ನೋದು ಇವತ್ತಿಗೂ ಬಿಡಿಸಲಾಗದ ಪ್ರಶ್ನೆಯೇ. ಆ ಬಗ್ಗೆ ನನ್ನ ತಕರಾರಿಲ್ಲ. ಒಂದು ಒಗಟಿನ ಮೇಲೆ ಇನ್ನೊಂದು ಒಗಟು ಇಟ್ಟು ಇದೇ ಉತ್ತರ ಅಂತ ರಸೀದಿ ಹರಿದು ಕೊಡುತ್ತಾರಲ್ಲ, ಅದಕ್ಕೆ ತಕರಾರು.

ಹೋದ ವಾರ ಅತ್ತೆಯ ಒಂದು ಕಣ್ಣಿನ ಪೊರೆ ತೆಗೆದರು. ಕಟ್ಟು ಬಿಚ್ಚಿದ ಮೇಲೆ ಮನೆಗೆ ಬಂದು, ಹಾಲ್‌ನಲ್ಲಿ ಕೂತು, ಸುತ್ತ ಒಂದು ಸಲ ನೋಡಿದರು. "ಅಯ್ಯೋ, ಈ ಮೂಲೆ ತುಂಬಾ ಜೇಡರ ಬಲೆ! ಇಷ್ಟು ದಿನದಿಂದ ಹೀಗೇ ಇತ್ತೇನೋ? ಒಬ್ಬರೂ ಹೇಳಲಿಲ್ಲವಲ್ಲ!"

ಪೊರಕೆ ತರೋಕೆ ನಾನೇ ಹೋದೆ.