ಮಲ್ಪೆಯ ಬೋಟಿನ ಲೋಳೆಯೂ ಕಣ್ಣಿಗೆ ಕಾಣದ ಬೆಳಕೂ

[ದೃಶ್ಯ: ಮಲ್ಪೆ ಬಂದರು, ಜೂನ್ ತಿಂಗಳು. ಸಣ್ಣ ಮಳೆ. ಮೇಲಕ್ಕೆ ಎಳೆದಿಟ್ಟ ಬೋಟು.]

ನಮಸ್ಕಾರ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಬೋಟುಗಳ ಅಡಿ ಕೆರೆದು ಬಣ್ಣ ಹಚ್ಚುವ ಹೊತ್ತಿದು.

[ದೃಶ್ಯ: ಬೋಟಿನ ಅಡಿಭಾಗ, ಅದರ ಮೇಲೆ ಬೆರಳು. ತೀರಾ ಹತ್ತಿರದಿಂದ.]

ಇಲ್ಲಿ ಬೆರಳು ಆಡಿಸಿದರೆ ಜಾರುತ್ತದೆ, ನೋಡಿ. ಬೆಂಡೆಕಾಯಿ ಹೆಚ್ಚುವಾಗ ಕೈಗೆ ಅಂಟುವ ಲೋಳೆಯ ಹಾಗೇ ಇದೆ. ಚಿಪ್ಪಿನ ಜೀವಿಗಳು ಬಂದು ಕಚ್ಚಿಕೊಳ್ಳುವ ಮೊದಲೇ ಬ್ಯಾಕ್ಟೀರಿಯಾಗಳು ಇಲ್ಲಿ ಬಿಡಾರ ಹೂಡಿರುತ್ತವೆ. ಈ ಲೋಳೆ ಅವು ತಾವೇ ಕಟ್ಟಿಕೊಂಡ ಮನೆ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ.

ಈ ಮನೆ ಏಳುತ್ತಿರುವಾಗಲೇ ನೋಡಬಹುದೇ? ಮೈಕ್ರೋಸ್ಕೋಪಿನಲ್ಲಿ ಆಕಾರವೇನೋ ಕಾಣುತ್ತದೆ. ಆದರೆ ಒಳಗೆ ಏನು ತಯಾರಾಗುತ್ತಿದೆ ಎಂದು ತಿಳಿಯಲು ಬಣ್ಣ ಹಾಕಬೇಕು, ಎಷ್ಟೋ ಸಲ ಜೀವಿಯನ್ನು ಕೊಲ್ಲಬೇಕು. ಕೊಂದ ಮೇಲೆ ನಾಳೆ ಅದೇ ಜೀವಿ ಏನು ಮಾಡುತ್ತಿತ್ತು ಎಂದು ಕೇಳುವಂತಿಲ್ಲ.

[ದೃಶ್ಯ: ಅಣುವಿನ ಚಿತ್ರ, ಸ್ಪ್ರಿಂಗಿನಂತೆ ಅದುರುವ ಬಂಧಗಳು.]

ಇಲ್ಲಿ ಕೈಹಿಡಿಯುವುದು ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕು. ಅಣುವಿನ ಬಂಧಗಳು ಸದಾ ಅದುರುತ್ತಿರುತ್ತವೆ. ಒಂದೊಂದು ಬಂಧವೂ ತನ್ನ ಅದುರುವಿಕೆಗೆ ಹೊಂದುವ ಬೆಳಕನ್ನಷ್ಟೇ ಹೀರುತ್ತದೆ. ಪ್ರೋಟೀನು ಹೀರುವುದು ಸೆಂಟಿಮೀಟರಿಗೆ 1650 ಮತ್ತು 1550 ಅಲೆಗಳ ಆಸುಪಾಸಿನಲ್ಲಿ. ಲೋಳೆಯ ಸಕ್ಕರೆ ಸರಪಳಿಗಳದು 1000ದಿಂದ 1100ರ ಸುತ್ತ. ಬಣ್ಣ ಬೇಡ. ನೇರಳಾತೀತ ಕಿರಣದಂತೆ ಬಂಧ ಮುರಿಯುವ ಶಕ್ತಿಯೂ ಈ ಬೆಳಕಿಗಿಲ್ಲ, ಹಾಗಾಗಿ ಜೀವಿ ಬದುಕಿಯೇ ಇರುತ್ತದೆ.

1991ರಲ್ಲಿ ಬರ್ಲಿನ್ನಿನ ಡೀಟರ್ ನೌಮಾನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಹೀಗೆ ಬೆರಳಚ್ಚಿನಂತೆ ಗುರುತಿಸಬಹುದೆಂದು ತೋರಿಸಿದರು. ಆ ವಿಧಾನದಲ್ಲಿ ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳನ್ನು ತೆಳುವಾಗಿ ಹರಡಿ ಒಣಗಿಸಿ ಅಳೆಯುತ್ತಾರೆ. ಜೀವಂತ ಜೀವಿಗೆ ನೀರು ಬೇಕಲ್ಲ! ತೊಡಕು ಶುರುವಾಗುವುದೇ ಇಲ್ಲಿಂದ. ನೀರು ಅವಕೆಂಪು ಬೆಳಕನ್ನು ಗಟಗಟ ಕುಡಿಯುತ್ತದೆ, ಅದರಲ್ಲೂ 1640ರ ಹತ್ತಿರ. ಪ್ರೋಟೀನಿನ ದೊಡ್ಡ ಗುರುತು ಇರುವುದೂ ಅಲ್ಲೇ.

[ದೃಶ್ಯ: ಬೂದು ಬಣ್ಣದ ಹರಳು, ಅದರ ಮೇಲೆ ಹರಿಯುವ ನೀರು.]

ಇದಕ್ಕೆ ಹುಡುಕಿದ ಉಪಾಯ ನನಗೆ ತುಂಬಾ ಇಷ್ಟ. ಇದು ಜರ್ಮೇನಿಯಂ ಹರಳು. ಕಣ್ಣಿಗೆ ಉಕ್ಕಿನ ತುಂಡಿನಂತೆ ಕಾಣುತ್ತದೆ, ಆಚೆ ಬದಿಯ ಏನೂ ತೋರದು. ಅವಕೆಂಪು ಬೆಳಕಿಗೆ ಮಾತ್ರ ಇದೇ ಕಿಟಕಿ. ಬೆಳಕು ಹರಳಿನೊಳಗೇ ಪುಟಿಯುತ್ತಾ ಸಾಗುತ್ತದೆ. ಪುಟಿಯುವ ಜಾಗದಲ್ಲಿ ಒಂದಿಷ್ಟು ಹೊರಗೆ ಇಣುಕುತ್ತದೆ, ಒಂದು ಮೈಕ್ರೋಮೀಟರಿಗೂ ಕಡಿಮೆ ದೂರ. ಒಂದು ಬ್ಯಾಕ್ಟೀರಿಯಾದ ದಪ್ಪವೇ ಸುಮಾರು ಅಷ್ಟು. ಮೇಲೆ ಎಷ್ಟೇ ನೀರು ಹರಿಯಲಿ, ಬೆಳಕು ಮುಟ್ಟುವುದು ಹರಳಿಗೆ ಅಂಟಿದ ಪದರವನ್ನಷ್ಟೇ. ಆ ಪದರದಲ್ಲಿರುವ ನೀರಿನ ಪಾಲನ್ನು ಲೆಕ್ಕದಲ್ಲಿ ಕಳೆಯುತ್ತಾರೆ.

ಆಹಾರ ಬೆರೆಸಿದ ನೀರು ಹರಿಯುತ್ತಿರುತ್ತದೆ, ಯಾವ ಅಲೆಯ ಬೆಳಕು ಎಷ್ಟು ಹೀರಿಹೋಯಿತು ಎಂದು ಉಪಕರಣ ಆಗಾಗ ಒಂದೊಂದು ಗೆರೆಚಿತ್ರ ಬರೆಯುತ್ತಿರುತ್ತದೆ. ಮೊದಲು ಸಪಾಟು. ಜೀವಿಗಳು ಅಂಟಿದಂತೆ 1550ರ ಬಳಿ ಪ್ರೋಟೀನಿನ ದಿಬ್ಬ ಮೂಡುತ್ತದೆ. ಲೋಳೆ ಶುರುವಾದಾಗ 1000-1100ರ ನಡುವೆ ಇನ್ನೊಂದು ಏಳುತ್ತದೆ. ಜನ ಬಂದದ್ದು ಯಾವಾಗ, ಮನೆ ಎದ್ದದ್ದು ಯಾವಾಗ, ಎರಡೂ ಬೇರೆ ಬೇರೆಯಾಗಿ ಗೊತ್ತಾಗುತ್ತದೆ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದಕ್ಕೆ ಒಂದು ಆರೈಕೆ ಬೇಕು. ಆಟಿಯಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುತ್ತದಲ್ಲ? ಇಂಥ ಹಲವು ಉಪಕರಣಗಳ ಒಳಗಿನ ಒಂದು ಮುಖ್ಯ ಭಾಗ ಪೊಟ್ಯಾಸಿಯಂ ಬ್ರೋಮೈಡ್, ಅದೂ ಒಂದು ಉಪ್ಪೇ. ಗಾಳಿಯ ತೇವಕ್ಕೆ ಅದು ಮಂಜಾಗುತ್ತದೆ. ಸಾಲದ್ದಕ್ಕೆ, ಗಾಳಿಯ ನೀರಾವಿ ಗೆರೆಚಿತ್ರದಲ್ಲಿ ತನ್ನದೇ ಮುಳ್ಳುಗಳನ್ನು ಎಬ್ಬಿಸುತ್ತದೆ. ಅದಕ್ಕೇ ಒಳಗೆ ಒಣಗಾಳಿ ಅಥವಾ ನೈಟ್ರೋಜನ್ ಹಾಯಿಸುತ್ತಾರೆ, ಸಿಲಿಕಾ ಜೆಲ್ ಚೀಲ ಇಡುತ್ತಾರೆ.

[ದೃಶ್ಯ: ಮತ್ತೆ ಬೋಟು. ಉಳಿಯಲ್ಲಿ ಲೋಳೆ ಕೆರೆಯುತ್ತಿರುವ ಕೈ.]

ಒಂದು ಎಚ್ಚರಿಕೆ ಹೇಳಲೇಬೇಕು. ಕ್ರಿಮಿನಾಶಕ ಹರಿಸಿದ ಮೇಲೂ ಪ್ರೋಟೀನಿನ ದಿಬ್ಬ ನಿಂತಿರಬಹುದು, ಏಕೆಂದರೆ ಸತ್ತ ಬ್ಯಾಕ್ಟೀರಿಯಾದಲ್ಲೂ ಪ್ರೋಟೀನು ಇರುತ್ತದೆ. ಆ ಒಂದು ದಿಬ್ಬ ನೋಡಿ ಅವು ಬದುಕಿವೆ ಎನ್ನುವಂತಿಲ್ಲ. ಆದ್ದರಿಂದ ಹರಳಿನ ಮೇಲಿನ ಪದರದಿಂದ ಸ್ವಲ್ಪ ತೆಗೆದು ತಟ್ಟೆಯಲ್ಲಿ ಬೆಳೆಸಿ ನೋಡಬೇಕು, ಹೊಸ ಕಾಲನಿ ಏಳುತ್ತದೋ ಇಲ್ಲವೋ ಎಂದು.